ವಿನ್ನೆಟ್ಕಾ ಉಪನಗರವೂ ಅದರ ಪ್ರಾಥಮಿಕ ಪಾಠಶಾಲೆಯೂ

೧

ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕಾದರೆ ಶಾಸನಗಳನ್ನೂ ಕಡತಗಳನ್ನೂ ಪರಿಶೀಲಿಸುವುದು ವಾಡಿಕೆ. ಈಚಿನ ಕಾಲದಲ್ಲಿ ಹುಟ್ಟಿದ ಉಪನಗರಗಳಿಗೆ ಶಿಲಾಶಾಸನಗಳಿಲ್ಲ. ಅಲ್ಲಿಯ ನಿವಾಸಿಗಳು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಪ್ರಾಥಮಿಕ ಪಾಠಶಾಲೆಯೇ ಒಂದು ಬಗೆಯ ಶಾಸನವೆನ್ನಬಹುದು. ಆ ಜನರು ಮಕ್ಕಳ ವಿಷಯದಲ್ಲಿ ಏನನ್ನು ನಂಬಿದ್ದರು, ಯಾವುದಕ್ಕೆ ಹಣ ಕೊಡಲು ಒಪ್ಪಿದರು, ಯಾರನ್ನು ತಮ್ಮವರೆಂದು ಎಣಿಸಿದರು ಎಂಬುದೆಲ್ಲವೂ ಅದರಲ್ಲಿ ಬರೆದಂತಿರುವುದು. ಅಮೆರಿಕದ ಇಲಿನಾಯ್ ಸಂಸ್ಥಾನದ ವಿನ್ನೆಟ್ಕಾ ಎಂಬ ಉಪನಗರವನ್ನೂ ಅಲ್ಲಿಯ ಕ್ರೋ ಐಲೆಂಡ್ ಪಾಠಶಾಲೆಯನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿನ್ನೆಟ್ಕಾ ಊರು ಷಿಕಾಗೋ ನಗರದ ನಡುಭಾಗಕ್ಕೆ ಉತ್ತರದಲ್ಲಿ ಸುಮಾರು ೧೬ ಮೈಲಿಗಳ ದೂರದಲ್ಲಿ, ಮಿಷಿಗನ್ ಸರೋವರದ ದಡದಲ್ಲಿದೆ. ೧೮೫೪ರಲ್ಲಿ ಚಾರ್ಲ್ಸ್ ಪೆಕ್, ವಾಲ್ಟರ್ ಗರ್ನೀ ಎಂಬವರು ಇಲ್ಲಿ ನಿವೇಶನಗಳನ್ನು ವಿಂಗಡಿಸಿದರು. ಇವರಲ್ಲಿ ಗರ್ನೀ ಷಿಕಾಗೋ ನಗರದ ಮೇಯರಾಗಿದ್ದವನು; ಈ ದಡದುದ್ದಕ್ಕೂ ಹಾಕಲಾಗುತ್ತಿದ್ದ ರೈಲುದಾರಿಯ ಕಂಪೆನಿಗೂ ಮುಖ್ಯಸ್ಥನು. ಮರುವರ್ಷವೇ ರೈಲು ಓಡಲಾರಂಭಿಸಿತು. ಆದುದರಿಂದ ಈ ಊರು ಉಳುವವರು ಕೂಡಿ ಬೆಳೆಸಿದ ಹಳ್ಳಿಯಲ್ಲ. ಬೆಳಗ್ಗೆ ರೈಲಿನಲ್ಲಿ ನಗರಕ್ಕೆ ಹೋಗಿ ಸಂಜೆ ಮನೆಗೆ ಹಿಂದಿರುಗುವ ಗೃಹಸ್ಥರಿಗೆಂದೇ ಯೋಚಿಸಿ ಮಾಡಿದ ವಸತಿ. ೧೮೬೯ರಲ್ಲಿ ಅದಕ್ಕೆ ಕಾಯಿದೆಯ ಮೇರೆಗೆ ‘ಗ್ರಾಮ’ವೆಂಬ ಸ್ಥಾನ ದೊರೆಯಿತು. ಹೆಸರಿಗೆ ಗ್ರಾಮವಾದರೂ ವಕೀಲರು, ವರ್ತಕರು, ಕಾರ್ಖಾನೆಗಳ ಒಡೆಯರು ಅಲ್ಲಿ ನೆಲೆಸಿದರು. ದೊಡ್ಡ ಕಂಪೆನಿಗಳ ಅನ್ಯಾಯಗಳನ್ನು ಬಯಲಿಗೆಳೆದ ಗ್ರಂಥವನ್ನು ೧೮೯೪ರಲ್ಲಿ ಪ್ರಕಟಿಸಿದ ಹೆನ್ರಿ ಡೆಮರೆಸ್ಟ್ ಲಾಯ್ಡ್ ಎಂಬ ಲೇಖಕನೂ ಇದೇ ಊರಿನವನು. ಧನವೂ ಸುಧಾರಣೆಯ ಉತ್ಸಾಹವೂ ಹೀಗೆ ಒಂದೆಡೆ ಕೂಡಿದುದು ಈ ಊರಿನ ವಿಶೇಷ.

೨

ಇಲಿನಾಯ್ ಸಂಸ್ಥಾನದಲ್ಲಿ ಪ್ರಾಥಮಿಕ ಶಾಲೆಗಳ ಆಡಳಿತವು ಆಯಾ ಸ್ಥಳದ ಜನರು ಚುನಾಯಿಸಿದ ಮಂಡಲಿಯ ಕೈಯಲ್ಲಿರುವುದು. ವೆಚ್ಚದ ಬಹುಭಾಗವು ಆ ಸ್ಥಳದ ಮನೆ ನಿವೇಶನಗಳ ಮೇಲಿನ ತೆರಿಗೆಯಿಂದ ಬರುವುದು. ವಿನ್ನೆಟ್ಕಾದ ಮಂಡಲಿಯಲ್ಲಿದ್ದ ಎಡ್ವರ್ಡ್ ಯೋಮನ್ಸ್ ಎಂಬಾತನು ಕಾರ್ಖಾನೆಯ ಒಡೆಯನಾಗಿದ್ದರೂ ಶಿಕ್ಷಣಚಿಂತಕನಾಗಿದ್ದನು. ಆತನ ಪ್ರಯತ್ನದಿಂದ ೧೯೧೯ರಲ್ಲಿ ಕಾರ್ಲ್‌ಟನ್ ವಾಷ್‌ಬರ್ನ್ ಎಂಬ ತರುಣನು ಶಾಲೆಗಳ ಅಧೀಕ್ಷಕನಾಗಿ ಬಂದನು. ಅವನಿಗೆ ಆಗ ಸುಮಾರು ಮೂವತ್ತು ವರ್ಷ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಉಪಾಧ್ಯಾಯರ ಶಾಲೆಯಲ್ಲಿ ಫ್ರೆಡರಿಕ್ ಬರ್ಕ್ ಎಂಬ ಆಚಾರ್ಯನ ಬಳಿ ಕೆಲಸಮಾಡಿದ್ದವನು. ಒಂದು ತರಗತಿಯ ಮಕ್ಕಳೆಲ್ಲರೂ ಸಿಪಾಯಿಗಳಂತೆ ಒಂದೇ ಹೆಜ್ಜೆಯಲ್ಲಿ ನಡೆಯಬೇಕೆಂಬ ಪದ್ಧತಿಯನ್ನು ಬರ್ಕ್ ೧೯೧೩ರಲ್ಲಿಯೇ ಖಂಡಿಸಿದ್ದನು.

ವಾಷ್‌ಬರ್ನ್ ರೂಪಿಸಿದ ಕ್ರಮಕ್ಕೆ ‘ವಿನ್ನೆಟ್ಕಾ ಪದ್ಧತಿ’ಯೆಂದು ಹೆಸರಾಯಿತು. ಅದರಲ್ಲಿ ಶಿಕ್ಷಣಕ್ಕೆ ಎರಡು ಭಾಗಗಳು. ಓದು, ಬರಹ, ಕಾಗುಣಿತ, ಲೆಕ್ಕ ಮೊದಲಾದ ಎಲ್ಲರಿಗೂ ಬೇಕಾದ ವಿದ್ಯೆಗಳು ಮೊದಲನೆಯ ಭಾಗ. ಇವನ್ನು ಪ್ರತಿಯೊಂದು ಮಗುವೂ ತನ್ನ ಗತಿಯಲ್ಲಿ, ತಾನೇ ತಿದ್ದಿಕೊಳ್ಳಬಹುದಾದ ಅಭ್ಯಾಸಪುಸ್ತಕಗಳ ನೆರವಿನಿಂದ ಕಲಿಯುವುದು. ಒಂದು ಮೆಟ್ಟಿಲು ಸಂಪೂರ್ಣವಾಗಿ ವಶವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಲೆಕ್ಕದಲ್ಲಿ ಹಿಂದುಳಿದ ಮಾತ್ರಕ್ಕೆ ಓದಿನಲ್ಲಿಯೂ ಹಿಂದಿನ ತರಗತಿಯಲ್ಲಿ ಕುಳಿತಿರಬೇಕಾದ ದುರವಸ್ಥೆ ಇಲ್ಲಿ ಇರಲಿಲ್ಲ. ನಾಟಕ, ಸಂಗೀತ, ಕೈಕೆಲಸ, ಚರ್ಚೆ, ಸ್ವಯಮಾಡಳಿತ ಮುಂತಾದ ಸಾಮೂಹಿಕ ಕಾರ್ಯಗಳು ಎರಡನೆಯ ಭಾಗ. ಇವುಗಳಿಗೆ ಪರೀಕ್ಷೆಯೂ ಇಲ್ಲ, ಅಂಕಗಳೂ ಇಲ್ಲ. ಬೆಳಗಿನ ಹೊತ್ತಿನಲ್ಲಿ ಅರ್ಧ, ಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಇದಕ್ಕೆ ಮೀಸಲು. ಒಂಟಿಯಾಗಿ ಕಲಿಯಬೇಕಾದುದನ್ನು ಒಂಟಿಯಾಗಿಯೂ ಕೂಡಿ ಕಲಿಯಬೇಕಾದುದನ್ನು ಕೂಡಿಯೂ ಕಲಿಸಬೇಕೆಂಬುದೇ ಈ ಪದ್ಧತಿಯ ಸಾರ.

೩

ಸಾಹಿತ್ಯದ ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕಾದ ಒಂದು ಕಾರ್ಯವು ಈ ಊರಿನ ಶಾಲೆಗಳಿಂದ ಹೊರಟಿತು. ಮಕ್ಕಳಿಗೆ ಯಾವ ಪುಸ್ತಕ ತಕ್ಕುದು ಎಂಬುದನ್ನು ದೊಡ್ಡವರು ತಮ್ಮ ಊಹೆಯಿಂದ ನಿರ್ಣಯಿಸುವುದು ರೂಢಿ. ವಾಷ್‌ಬರ್ನನೂ ಅವನ ಸಹೋದ್ಯೋಗಿ ಮೇಬಲ್ ವೋಗೆಲ್ ಎಂಬಾಕೆಯೂ ಮಕ್ಕಳನ್ನೇ ಕೇಳಿದರು. ಹಲವು ಊರುಗಳ ಸುಮಾರು ೩೭,೦೦೦ ಮಕ್ಕಳು ತಾವು ಓದಿ ಮೆಚ್ಚಿದ ಪುಸ್ತಕಗಳನ್ನು ತಿಳಿಸಿದರು. ಅವುಗಳಿಂದ ೭೦೦ ಪುಸ್ತಕಗಳ ಪಟ್ಟಿಯೊಂದು ೧೯೨೬ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಮೇಲೆ, ಎಂದರೆ ೧೯೨೮ರಲ್ಲಿ, ಅದೇ ಸಾಮಗ್ರಿಯ ಆಧಾರದಿಂದ ಪುಸ್ತಕದ ಕಾಠಿನ್ಯವನ್ನು ಅಳೆಯುವ ಸೂತ್ರವೊಂದನ್ನು ಅವರು ಸಿದ್ಧಪಡಿಸಿದರು. ಅದು ಎಣಿಸುವ ಅಂಶಗಳು ನಾಲ್ಕು: ಸಾವಿರ ಪದಗಳ ಭಾಗದಲ್ಲಿ ಬರುವ ಭಿನ್ನಪದಗಳೆಷ್ಟು, ತಾರ್ನ್‌ಡೈಕ್ ಪಂಡಿತನ ಹತ್ತು ಸಾವಿರ ಪದಗಳ ಪಟ್ಟಿಯಲ್ಲಿಲ್ಲದ ಪದಗಳೆಷ್ಟು, ನಾಮಪದದ ಹಿಂದೆ ಬಂದು ಸಂಬಂಧವನ್ನು ಸೂಚಿಸುವ ಅವ್ಯಯಗಳೆಷ್ಟು, ಎಪ್ಪತ್ತೈದು ವಾಕ್ಯಗಳಲ್ಲಿ ಸರಳವಾಕ್ಯಗಳೆಷ್ಟು.

ಈ ಸೂತ್ರವನ್ನು ಇದ್ದಂತೆಯೇ ಕನ್ನಡಕ್ಕೆ ಅನ್ವಯಿಸುವಂತಿಲ್ಲವೆಂಬುದು ಸ್ಪಷ್ಟ. ಇಂಗ್ಲಿಷಿನಲ್ಲಿ ಬೇರೆ ಪದವಾಗಿ ನಿಲ್ಲುವ ಆ ಅವ್ಯಯದ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ವಿಭಕ್ತಿಪ್ರತ್ಯಯಗಳೇ ಮಾಡುವುವು. ಸಂಧಿ ಸಮಾಸಗಳಿಂದ ಒಂದು ಪದವೆಂದರೆ ಏನೆಂಬುದೇ ನಮಗೆ ಮೊದಲನೆಯ ಪ್ರಶ್ನೆಯಾಗುವುದು. ಆದರೆ ಸೂತ್ರದ ಹಿಂದಿರುವ ತತ್ತ್ವ ಭಾಷೆಯ ಗಡಿಯನ್ನು ಮೀರಿದುದು. ಓದುವ ಮಗುವೇ ಪಠ್ಯಕ್ಕೆ ಪ್ರಮಾಣ. ಬರೆದವರ ಪಾಂಡಿತ್ಯವಾಗಲಿ, ಆರಿಸಿದವರ ಅಭಿರುಚಿಯಾಗಲಿ ಅಲ್ಲ.

೪

ಇದೇ ತತ್ತ್ವವು ಹತ್ತು ಹನ್ನೆರಡು ವರ್ಷಗಳ ಮೇಲೆ ಇಟ್ಟಿಗೆ ಗಾರೆಗಳ ರೂಪವನ್ನು ತಾಳಿತು. ಊರಿನ ಜೌಗುನೆಲದ ನಡುವೆ ಕಾಗೆಗಳು ಸೇರುತ್ತಿದ್ದ ದಿಣ್ಣೆಯೊಂದಕ್ಕೆ ಕ್ರೋ ಐಲೆಂಡ್, ಎಂದರೆ ಕಾಗೆಗಳ ನಡುಗಡ್ಡೆ, ಎಂಬ ಹೆಸರು ಬಂದಿತೆಂದು ಹೇಳುವರು. ಆ ಸ್ಥಳದಲ್ಲಿ ಹೊಸ ಶಾಲೆಯನ್ನು ಕಟ್ಟುವ ಕೆಲಸವನ್ನು ಪರ್ಕಿನ್ಸ್, ವೀಲರ್ ಮತ್ತು ವಿಲ್ ಎಂಬ ತರುಣ ಶಿಲ್ಪಿಗಳು ಕೈಕೊಂಡರು. ಅವರೊಡನೆ ಫಿನ್ಲೆಂಡ್ ದೇಶದ ಪ್ರಸಿದ್ಧ ಶಿಲ್ಪಿ ಎಲಿಯೆಲ್ ಸಾರಿನೆನ್, ಅವನ ಮಗ ಈರೋ ಸಾರಿನೆನ್ ಇವರೂ ಸೇರಿದರು. ಲಾರೆನ್ಸ್ ಪರ್ಕಿನ್ಸ್ ನಕ್ಷೆಯನ್ನು ಬರೆಯುವುದಕ್ಕೆ ಮೊದಲು ವಾರಗಟ್ಟಲೆ ಊರಿನ ಶಾಲೆಗಳಲ್ಲಿ ಕುಳಿತು ಪಾಠ ನಡೆಯುವ ಬಗೆಯನ್ನು ನೋಡಿದನು, ಉಪಾಧ್ಯಾಯರನ್ನು ವಿಚಾರಿಸಿದನು. ಸಾಮೂಹಿಕ ಕಾರ್ಯಗಳ ನಿರ್ದೇಶಕಿಯಾಗಿದ್ದ ಫ್ರಾನ್ಸಿಸ್ ಪ್ರೆಸ್ಲರ್ ಶಿಲ್ಪಿಗಳಿಗೆ ಪತ್ರವೊಂದನ್ನು ಬರೆದಳು. ಮಕ್ಕಳು ಬಳಸಲು ಹೆದರುವಷ್ಟು ಸೊಗಸಾದ ಕಟ್ಟಡ ಬೇಡವೆಂಬುದು ಅದರ ಒಂದು ಮುಖ್ಯ ಅಭಿಪ್ರಾಯ.

೧೯೪೦ರಲ್ಲಿ ಶಾಲೆ ತೆರೆಯಿತು. ಎತ್ತರವಾದ ಕಂಬಗಳಾಗಲಿ, ಭಯಹುಟ್ಟಿಸುವ ಮೆಟ್ಟಿಲುಗಳಾಗಲಿ ಅಲ್ಲಿಲ್ಲ. ನಡುವೆ ಗಡಿಯಾರದ ಗೋಪುರವೊಂದನ್ನುಳಿದು ಕಟ್ಟಡವೆಲ್ಲ ತಗ್ಗಾಗಿ ನೆಲಕ್ಕೆ ಹತ್ತಿಕೊಂಡಿರುವುದು. ಮಧ್ಯಭಾಗದಲ್ಲಿ ಎಲ್ಲರಿಗೂ ಸೇರಿದ ಸಭಾಂಗಣ, ಪುಸ್ತಕಾಲಯ ಮೊದಲಾದುವು. ಅಲ್ಲಿಂದ ವಯಸ್ಸಿಗೆ ತಕ್ಕಂತೆ ಹೊರಚಾಚಿದ ಕೊಠಡಿಗಳ ಸಾಲುಗಳು. ಒಂದೊಂದು ಕೊಠಡಿಯೂ ಬಡಗಿಯ ಮೂಲೆಮಟ್ಟದ ಆಕಾರದಲ್ಲಿದೆ: ಒಂದು ಕಡೆ ಪಾಠದ ಸ್ಥಳ, ಇನ್ನೊಂದು ಕಡೆ ನೀರಿನ ತೊಟ್ಟಿಯುಳ್ಳ ಕೈಕೆಲಸದ ಸ್ಥಳ. ಪ್ರತಿಯೊಂದಕ್ಕೂ ತನ್ನದೇ ಆದ ಶೌಚಗೃಹ, ಎರಡು ಕಡೆಗಳಿಂದ ಬೆಳಕು, ಹೊರಗಿನ ಅಂಗಳಕ್ಕೆ ಬಾಗಿಲು. ಆಗ ಶಾಲೆಗಳಲ್ಲಿ ಹನ್ನೆರಡು ಅಡಿ ಎತ್ತರವಿರುತ್ತಿದ್ದ ಛಾವಣಿಯನ್ನು ಇಲ್ಲಿ ಒಂಬತ್ತು ಅಡಿಗಳಿಗೆ ಇಳಿಸಿದರು. ದೀಪದ ಗುಂಡಿಗಳು ಮಕ್ಕಳ ಕೈಗೆ ಎಟಕುವಂತಿವೆ. ಸಭಾಂಗಣದ ಪೀಠಗಳು ಮುಂದಿನ ಸಾಲಿನಲ್ಲಿ ತೀರ ಚಿಕ್ಕವಾಗಿದ್ದು ಹಿಂದೆ ಹಿಂದೆ ಹೋದಂತೆ ದೊಡ್ಡವಾಗುವುವು.

ಇವು ಕೇವಲ ಅಲಂಕಾರಗಳಲ್ಲ. ಸಾಲುಸಾಲಾಗಿ ಬಿಗಿದ ಮೇಜುಗಳ ಕೊಠಡಿಯಲ್ಲಿ ಒಬ್ಬೊಬ್ಬರ ಗತಿಗೆ ತಕ್ಕ ಶಿಕ್ಷಣವೂ ಗುಂಪುಗಳ ಕೈಕೆಲಸವೂ ನಡೆಯುವುದು ಕಷ್ಟ. ಇಪ್ಪತ್ತು ವರ್ಷಗಳ ಬೋಧನಕ್ರಮವೇ ಈ ಕೊಠಡಿಗೆ ಆಕಾರವನ್ನು ಕೊಟ್ಟಿತು. ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಉಪನಗರಗಳು ಹಬ್ಬಿದಾಗ ಈ ಮಾದರಿಯೂ ಹಬ್ಬಿತು. ಆದರೆ ಅನೇಕ ಕಡೆ ತಗ್ಗಾದ ಛಾವಣಿಯನ್ನು ಮಾತ್ರ ಅನುಕರಿಸಿ, ಅದರೊಳಗಿನ ಶಿಕ್ಷಣವನ್ನು ಬಿಟ್ಟರು. ೧೯೯೦ರಲ್ಲಿ ಸರ್ಕಾರವು ಇದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು.

೫

ಇಷ್ಟನ್ನು ಹೇಳಿ ನಿಲ್ಲಿಸಿದರೆ ಚರಿತ್ರೆ ಅಪೂರ್ಣವಾಗುವುದು. ಶಾಲೆಯ ಬಾಗಿಲಿನ ಹಿಡಿ ಎಲ್ಲ ಮಕ್ಕಳ ಕೈಗೂ ಎಟಕುವಂತಿದ್ದಿತು. ಊರಿನ ಬಾಗಿಲು ಹಾಗಿರಲಿಲ್ಲ. ಊರಿನಲ್ಲಿ ಮನೆಯಿದ್ದವರ ಮಕ್ಕಳಿಗೆ ಶಾಲೆ. ಮನೆಯ ಬೆಲೆಯೇ ಬಡವರನ್ನು ದೂರವಿರಿಸಿತು. ಹಣವಿದ್ದರೂ ಕಪ್ಪುಜನರಿಗೂ ಯೆಹೂದ್ಯರಿಗೂ ಮನೆ ತೋರಿಸಲು ಷಿಕಾಗೋವಿನ ಉತ್ತರದ ಉಪನಗರಗಳ ದಳ್ಳಾಳಿಗಳು ಹಿಂಜರಿಯುತ್ತಿದ್ದರು. ಜನಾಂಗದ ಹೆಸರಿನಲ್ಲಿ ಕ್ರಯಪತ್ರಗಳಲ್ಲಿ ಬರೆದ ನಿರ್ಬಂಧಗಳನ್ನು ನ್ಯಾಯಾಲಯಗಳು ಜಾರಿಗೆ ತರಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೪೮ರಲ್ಲಿ ತೀರ್ಪಿತ್ತ ಮೇಲೂ ರೂಢಿಯು ಮುಂದುವರಿಯಿತು. ೧೯೬೫ರ ಬೇಸಗೆಯಲ್ಲಿ ಇದನ್ನು ಪ್ರತಿಭಟಿಸಿ ಚಳವಳಿ ನಡೆಯಿತು. ಆ ವರ್ಷ ಜುಲೈ ೨೫ರಂದು ಮಾರ್ಟಿನ್ ಲೂಥರ್ ಕಿಂಗ್ ವಿನ್ನೆಟ್ಕಾದ ಹಸುರುಬಯಲಿನಲ್ಲಿಯೇ ಸಾವಿರಾರು ಜನರ ಮುಂದೆ ಮಾತನಾಡಿದನು. ವಸತಿಯಲ್ಲಿ ಜನಾಂಗಭೇದವನ್ನು ನಿಷೇಧಿಸಿದ ಕಾಯಿದೆ ೧೯೬೮ರಲ್ಲಿ ಬಂದಿತು. ಕ್ರೋ ಐಲೆಂಡಿನ ಪ್ರಯೋಗದ ಹಿಂದಿದ್ದ ವಾಷ್‌ಬರ್ನ್ ತೀರಿಕೊಂಡುದೂ ಅದೇ ವರ್ಷ.

ಇದರಿಂದ ಆ ಶಾಲೆಯ ಯೋಗ್ಯತೆ ಕುಂದಿತೆಂದು ಭಾವಿಸಬೇಕಾಗಿಲ್ಲ. ಮಗುವನ್ನು ಪ್ರಮಾಣವಾಗಿಟ್ಟುಕೊಂಡು ಪಾಠವನ್ನೂ ಪುಸ್ತಕವನ್ನೂ ಗೋಡೆಯನ್ನೂ ರೂಪಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಆದರೆ ಆ ಪ್ರಮಾಣವನ್ನು ಶಾಲೆಯ ಬೇಲಿಯ ಒಳಗೆ ಮಾತ್ರ ಇರಿಸಿದರೆ ಸಾಲದು. ಶಾಲೆಗೆ ಬರುವ ಮಕ್ಕಳು ಯಾರೆಂಬುದನ್ನು ಊರಿನ ನಿವೇಶನದ ಬೆಲೆಯೂ ನೆರೆಯವರ ಮನಸ್ಸೂ ಮೊದಲೇ ನಿರ್ಣಯಿಸಿರುವುವು. ಆದಕಾರಣ ಪ್ರಾಥಮಿಕ ಶಾಲೆಯ ಚರಿತ್ರೆಯನ್ನು ಬರೆಯುವವರು ಅದರ ಹಾಜರಿಪಟ್ಟಿಯೊಡನೆ ಊರಿನ ಕ್ರಯಪತ್ರಗಳನ್ನೂ ಓದಬೇಕು. ಎರಡನ್ನೂ ಕೂಡಿಸಿ ಓದಿದಲ್ಲದೆ ಆ ಶಾಸನದ ಅರ್ಥ ಪೂರ್ತಿಯಾಗದು.