ಕಡೂರು ಸೀಮೆಯ ರೈತಮಕ್ಕಳೂ ವ್ಯವಸಾಯದ ಪದವಿಗಳೂ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಭೂಮಿಯ ಗುಣದಲ್ಲಿ ಒಂದೇ ಅಲ್ಲ. ಕಡೂರಿನದು ಬಹುಪಾಲು ಮಳೆಯನ್ನೇ ನಂಬಿದ ರಾಗಿಯ ಹೊಲ ಮತ್ತು ತೆಂಗಿನ ತೋಟ. ತರೀಕೆರೆಯಲ್ಲಿ ಅಡಕೆಯೂ ಬತ್ತವೂ ಉಂಟು. ಲಕ್ಕವಳ್ಳಿಯ ಭದ್ರಾ ಜಲಾಶಯವಿರುವುದೂ ಆ ತಾಲ್ಲೂಕಿನಲ್ಲಿಯೇ. ಅಜ್ಜಂಪುರವು ಈರುಳ್ಳಿಗೂ ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರಕ್ಕೂ ಹೆಸರಾದುದು. ಆದರೆ ಮಕ್ಕಳನ್ನು ಮುಂದೆ ಏನು ಓದಿಸಬೇಕೆಂದು ವಿಚಾರಿಸಿದರೆ ಮೂರು ಕಡೆಯೂ ಬರುವ ಉತ್ತರವು ಒಂದೇ: ಬಿ.ಎಸ್‌ಸಿ. ಅಗ್ರಿ. ಬೇರೆ ಪದವಿಗಳ ವಿಚಾರವು ಪಿ.ಯು. ಫಲಿತಾಂಶ ಹೊರಬಿದ್ದ ಮೇಲೆ ಏಳುತ್ತದೆ. ಅಷ್ಟು ಹೊತ್ತಿಗೆ ಅರ್ಧ ಬಾಗಿಲುಗಳು ಮುಚ್ಚಿಹೋಗಿರುತ್ತವೆ.

ಹಿಂದೆ ಆರಿಸಿಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹೆಬ್ಬಾಳದಲ್ಲಿ 1899ರಲ್ಲಿ ಮಹಾರಾಣಿಯವರು ಕೊಟ್ಟ 30 ಎಕರೆ ಭೂಮಿಯಲ್ಲಿ ಡಾಕ್ಟರ್ ಲೇಮನ್ನರ ಪ್ರಯೋಗಗಳು ಆರಂಭವಾದುವು, 1913ರಲ್ಲಿ ಅಲ್ಲಿ ವ್ಯವಸಾಯ ಶಾಲೆಯೂ 1946ರಲ್ಲಿ ಕಾಲೇಜೂ ಏರ್ಪಟ್ಟುವು, 1964ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಈಗ ಕಡೂರು ಸೀಮೆಯು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದೆ. 2012ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯಕ್ಕೆ ಸೇರಿದಂತೆ ಮೂಡಿಗೆರೆಯಲ್ಲಿಯೂ ಹಿರಿಯೂರಿನಲ್ಲಿಯೂ ತೋಟಗಾರಿಕೆಯ ಕಾಲೇಜುಗಳೂ, ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರದ ಕಾಲೇಜೂ ಇವೆ.

ಕೃಷಿಪದವಿಯು ನಾಲ್ಕು ವರ್ಷಗಳದು. ಮಣ್ಣು, ಬೆಳೆ, ಕೀಟ, ರೋಗ, ತಳಿಶಾಸ್ತ್ರ, ಅರ್ಥಶಾಸ್ತ್ರ ಇವೆಲ್ಲವನ್ನೂ ಅದರಲ್ಲಿ ಕಲಿಸುತ್ತಾರೆ. ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲಿಯೇ ತಂಗಿ ರೈತರೊಡನೆ ಕೆಲಸಮಾಡಬೇಕು. ತೋಟಗಾರಿಕೆಯ ಪದವಿಗೂ ಅಷ್ಟೇ ಕಾಲ. ಇಲ್ಲಿ ಜಮೀನುದಾರರು ಗಮನಿಸಬೇಕಾದ ಒಂದು ಸಂಗತಿಯಿದೆ. ತೆಂಗು, ಅಡಕೆ, ಈರುಳ್ಳಿ, ಈ ಸೀಮೆಗೆ ಹಣ ತರುವ ಈ ಮೂರೂ ತೋಟಗಾರಿಕೆಯ ಬೆಳೆಗಳೇ ಹೊರತು ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಕೃಷಿಯ ಬೆಳೆಗಳಲ್ಲ. ಹೀಗಿರಲು ಅಡಕೆ ತೋಟದ ಮನೆಯ ಹುಡುಗನು ತೋಟಗಾರಿಕೆಯನ್ನು ಎರಡನೆಯ ದರ್ಜೆಯದೆಂದು ಬಗೆದು ಬಿಟ್ಟುಬಿಡುವುದು ವಿಚಿತ್ರವೇ ಸರಿ. ಊರಿಗೆ ಹಿಂದಿರುಗಿ ತೋಟವನ್ನೇ ನಡೆಸುವ ಮನಸ್ಸುಳ್ಳವನಿಗೆ ಇದೇ ಮೇಲು. ಕೆರೆ, ಒಡ್ಡು, ನೀರಾವರಿ, ಯಂತ್ರ ಇವುಗಳಲ್ಲಿ ಆಸಕ್ತಿಯಿದ್ದವನಿಗೆ ಬೆಂಗಳೂರು, ರಾಯಚೂರುಗಳಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜುಗಳಿವೆ.

ಪಶುವೈದ್ಯ ಪದವಿಯು ಬೀದರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಅದರ ಕಾಲೇಜುಗಳು ಶಿವಮೊಗ್ಗ, ಹಾಸನ, ಹೆಬ್ಬಾಳಗಳಲ್ಲಿಯೂ ಇವೆ. ತರಬೇತಿಯ ಒಂದು ವರ್ಷವೂ ಸೇರಿ ಐದೂವರೆ ವರ್ಷ ಹಿಡಿಯುತ್ತದೆ. ಹತ್ತನೆಯ ತರಗತಿಯ ಮೇಲೆ ಎರಡು ವರ್ಷಗಳ ಡಿಪ್ಲೊಮಾಗಳೂ ಉಂಟು. ಕೃಷಿ ಡಿಪ್ಲೊಮಾವನ್ನು ಕನ್ನಡದಲ್ಲಿಯೇ ಬೋಧಿಸುತ್ತಾರೆ. ಪಶುಸಂಗೋಪನೆಯದಕ್ಕೆ ತಿಪಟೂರಿನ ಹತ್ತಿರದ ಕೊನೇಹಳ್ಳಿಯ ಪಾಲಿಟೆಕ್ನಿಕ್ ಈ ಸೀಮೆಗೆ ಸಮೀಪವಾದುದು. ಆದರೆ ಡಿಪ್ಲೊಮಾ ಪಡೆದವನು ಪಶುವೈದ್ಯನಲ್ಲ. 1984ರ ಪಶುವೈದ್ಯ ಪರಿಷತ್ತಿನ ಕಾಯಿದೆಯ ಮೇರೆಗೆ ಅವನು ವೈದ್ಯರ ಮೇಲ್ವಿಚಾರಣೆಯಲ್ಲಿ ಸಣ್ಣಪುಟ್ಟ ಚಿಕಿತ್ಸೆಯನ್ನು ಮಾತ್ರ ಮಾಡಬಹುದು.

ಪ್ರವೇಶದ ವಿಚಾರದಲ್ಲಿ ಮೊದಲ ತಪ್ಪು ಆಗುವುದು ಪಿ.ಯು. ತರಗತಿಗೆ ಸೇರುವ ದಿನ. ಜೀವಶಾಸ್ತ್ರವನ್ನು ಬಿಟ್ಟವನಿಗೆ ಪಶುವೈದ್ಯವಿಲ್ಲ. ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗ್ ಇಲ್ಲ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ತೆಗೆದುಕೊಂಡವನಿಗೆ ಯಾವ ಬಾಗಿಲೂ ಮುಚ್ಚುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಒಂದೊಂದು ವಿಷಯಕ್ಕೆ 60 ಅಂಕಗಳು. ಕೃಷಿಪದವಿಗಳ ಶ್ರೇಣಿಗೆ ಆ ಅಂಕಗಳ ಜತೆಗೆ ಪಿ.ಯು. ಅಂಕಗಳೂ ಕೂಡಿಬರುವುದರಿಂದ ಒಂದನ್ನು ಅಲಕ್ಷ್ಯಮಾಡಿ ಮತ್ತೊಂದನ್ನು ಓದುವುದು ಸಲ್ಲದು. ಪಶುವೈದ್ಯದಲ್ಲಿ ನೂರಕ್ಕೆ 15 ಸ್ಥಾನಗಳು ನೀಟ್ ಪರೀಕ್ಷೆಯ ಮೂಲಕ ಅಖಿಲ ಭಾರತಕ್ಕೆ ಸೇರಿದುವು; ಆದುದರಿಂದ ಪಶುವೈದ್ಯವನ್ನು ಬಯಸುವವರು ಆ ಪರೀಕ್ಷೆಗೂ ಕುಳಿತುಕೊಳ್ಳತಕ್ಕದ್ದು.

ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ. ಬಹುಕಾಲ ನೂರಕ್ಕೆ 40 ಇದ್ದ ಈ ಪಾಲನ್ನು 50ಕ್ಕೆ ಏರಿಸುವುದಾಗಿ ಸರ್ಕಾರವು 2021ರಲ್ಲಿ ಪ್ರಕಟಿಸಿತು. ಇದಕ್ಕೆ ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆಯುಂಟು. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸಬೇಕಾಗುತ್ತದೆ. ಕೂರಿಗೆಗೂ ಕುಂಟೆಗೂ ಭೇದ ತಿಳಿಯದಂತೆ ವಸತಿಶಾಲೆಯಲ್ಲಿ ಬೆಳೆದ ರೈತನ ಮಗನು ಇಲ್ಲಿ ತಲೆತಗ್ಗಿಸಬೇಕಾದೀತು. ಬಿತ್ತನೆಯ ರಜೆಯಲ್ಲಿ ಅವನನ್ನು ಹೊಲಕ್ಕೆ ಕರೆದೊಯ್ದರೆ ಖರ್ಚಿಲ್ಲದ ಪಾಠವಾಗುತ್ತದೆ.

ಈ ಮೀಸಲಿಗೆ ತಹಸೀಲ್ದಾರರ ಪತ್ರ ಬೇಕು. ಪಟೇಲರ ರುಜುವೊಂದೇ ಸಾಕಾಗುತ್ತಿದ್ದ ಕಾಲ ಹೋಯಿತು. ಅನೇಕ ಮನೆಗಳಲ್ಲಿ ಪಹಣಿಯು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ನಿಂತಿದೆ. ದಾಯಾದಿಗಳಲ್ಲಿ ಮಾತು ಮುಗಿದಿರುವುದಿಲ್ಲ. ಪರೀಕ್ಷೆಯ ವರ್ಷದಲ್ಲಿ ಈ ವ್ಯವಹಾರಕ್ಕೆ ಕೈಯಿಟ್ಟರೆ ಪೂರೈಸುವುದು ಕಷ್ಟ. ಗ್ರಾಮದ ಹಿರಿಯರು ನಡುವೆ ನಿಂತು ಎರಡು ವರ್ಷ ಮೊದಲೇ ಖಾತೆಯನ್ನು ನೇರ್ಪಡಿಸಿಕೊಡುವುದು ಆ ಮನೆಗೆ ದೊಡ್ಡ ಉಪಕಾರ.

ಇನ್ನೊಂದು ಸೂಕ್ಷ್ಮವುಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡದಲ್ಲಿಯೇ ಓದಿದವರಿಗೆ 5 ಸ್ಥಾನಗಳು ಮೀಸಲು. ಹತ್ತು ವರ್ಷವೂ ಪೂರ್ತಿಯಾಗಿರಬೇಕು. ಎಂಟನೆಯ ತರಗತಿಗೆ ಕಡೂರು ಅಥವಾ ಬೀರೂರಿನ ಪುರಸಭೆಯ ಎಲ್ಲೆಯೊಳಗಿನ ಶಾಲೆಗೆ ಸೇರಿಸಿದರೆ ಗ್ರಾಮೀಣ ಹಕ್ಕು ಹೋಯಿತೆಂದೇ ತಿಳಿಯತಕ್ಕದ್ದು. ವ್ಯಾಸಂಗದ ಪತ್ರಕ್ಕೆ ಮುಖ್ಯೋಪಾಧ್ಯಾಯರ ರುಜುವಿನ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜುವೂ ಬೇಕು. ಇತ್ತೀಚಿನ ವರ್ಷಗಳಲ್ಲಿ ಅರ್ಜಿಗಳನ್ನು ಜನವರಿಯಲ್ಲಿ ಕರೆಯುವ ರೂಢಿಯಾಗಿರುವುದರಿಂದ ಈ ಪತ್ರಗಳೆಲ್ಲವೂ ಸಂಕ್ರಾಂತಿಯ ಹೊತ್ತಿಗೆ ಕೈಯಲ್ಲಿರತಕ್ಕದ್ದು.