ಲಾರಿ ಚಾಲಕನ ದಿನವಹಿ

ಸದಾಶಿವ ಪೇಠದ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ ಎಂಬುದು ಪುಣೆಯ ಹಳೆಯ ವಿನೋದಗಳಲ್ಲಿ ಒಂದು. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಹೊಸದಾಗಿ ಬಂದ ಕನ್ನಡಿಗನು ಬಾಗಿಲಿನ ಫಲಕವನ್ನು ಕಂಡು ಮೊದಲು ಸಿಟ್ಟಾಗುತ್ತಾನೆ, ಅನಂತರ ನಗುತ್ತಾನೆ, ಕೆಲವು ವರ್ಷ ಕಳೆದ ಮೇಲೆ ರಜೆಯ ದಿನ ಊಟವಾದೊಡನೆ ತಾನೂ ಚಾಪೆ ಹಾಸುತ್ತಾನೆ. ವೈದ್ಯಶಾಸ್ತ್ರವು ಈ ಪದ್ಧತಿಯನ್ನು ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಮನುಷ್ಯ ದೇಹದ ಎಚ್ಚರವು ದಿನಕ್ಕೆ ಎರಡು ಬಾರಿ ತಾನಾಗಿಯೇ ಇಳಿಯುತ್ತದೆ: ನಡುರಾತ್ರಿಯ ಅನಂತರ ಎರಡರಿಂದ ಆರು ಗಂಟೆಯವರೆಗೆ ಹೆಚ್ಚಾಗಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸ್ವಲ್ಪವಾಗಿ.

ಅಂಗಡಿಕಾರನ ಈ ನಿದ್ರೆಗೆ ಫಲಕದ ರಕ್ಷಣೆಯುಂಟು. ಆದರೆ ಅವನ ಅಂಗಡಿಯ ಬ್ಯಾಡಗಿ ಮೆಣಸಿನಕಾಯಿಯನ್ನೂ ತಿಪಟೂರಿನ ಕೊಬ್ಬರಿಯನ್ನೂ ಹೇರಿಕೊಂಡು ಬಂದ ಲಾರಿಯ ಚಾಲಕನ ನಿದ್ರೆಗೆ ರಕ್ಷಣೆ ಯಾವುದು? ಅದಕ್ಕಾಗಿ ಇರತಕ್ಕುದೇ ಚಾಲಕನ ದಿನವಹಿ, ಅಂದರೆ ಲಾಗ್ ಪುಸ್ತಕ. ಕೆಲಸಕ್ಕೆ ಹಾಜರಾದ ಹೊತ್ತು, ಗಾಡಿ ಹೊರಟ ಹೊತ್ತು, ನಿಂತ ಹೊತ್ತು, ವಿಶ್ರಮಿಸಿದ ಹೊತ್ತು ಇವಿಷ್ಟನ್ನು ಅದರಲ್ಲಿ ಬರೆದಿಡಬೇಕು. ಬರೆದುದು ನಿಜವಾಗಿದ್ದರೆ ಅದು ಚಾಲಕನ ಪ್ರಾಣವನ್ನೂ ಎದುರಿಗೆ ಬರುವವರ ಪ್ರಾಣವನ್ನೂ ಉಳಿಸಬಲ್ಲದು.

ಕಾಯಿದೆಯ ಅಳತೆ

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಮಿತಿಯೆಂದು ವಿಧಿಸಿತು. ದೀರ್ಘ ಮಾರ್ಗಗಳಲ್ಲಿ ಅಧಿಕಾರಿಯ ಒಪ್ಪಿಗೆ ಪಡೆದು 10 ಗಂಟೆಯವರೆಗೆ ದುಡಿಸಬಹುದಾದರೂ ವಾರಕ್ಕೆ 54 ಗಂಟೆ ಮೀರುವಂತಿರಲಿಲ್ಲ. ಐದು ಗಂಟೆಯ ಕೆಲಸಕ್ಕೆ ಮುಂಚೆ ಅರ್ಧ ಗಂಟೆಯ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ 9 ಗಂಟೆಗಳ ಎಡೆಬಿಡದ ವಿಶ್ರಾಂತಿ, ವಾರಕ್ಕೊಂದು ರಜೆ ಇವೂ ಅದರಲ್ಲಿದ್ದವು. ಆ ಕಾಯಿದೆಯು ಐವರು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಒಂದೆರಡು ಲಾರಿಗಳ ಚಿಕ್ಕ ಮಾಲೀಕರೇ ಬಹುಸಂಖ್ಯಾತರಾದ ನಮ್ಮ ದೇಶದಲ್ಲಿ ಇದು ದೊಡ್ಡ ಕೊರತೆಯಾಗಿತ್ತು. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಕಲಮು ಅದೇ ಮಿತಿಯನ್ನು ಸಾರಿಗೆ ವಾಹನ ನಡೆಸುವವರೆಲ್ಲರಿಗೂ ಹೊಂದಿಸಿತು. 1961ರ ಕಾಯಿದೆಯು 2020ರ ಸಂಹಿತೆಯಲ್ಲಿ ಸೇರಿಹೋಗಿದ್ದು, ಆ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ದಿನಕ್ಕೆ ಎಂಟು ಗಂಟೆಯೆಂಬ ಅಳತೆ ಅದರಲ್ಲಿಯೂ ಉಳಿದಿದೆ.

91ನೆಯ ಕಲಮಿನಲ್ಲಿ ಗಮನಿಸತಕ್ಕ ಇನ್ನೊಂದು ಮಾತಿದೆ. ಕೆಲಸದ ಹೊತ್ತನ್ನು ಮುಂಚಿತವಾಗಿಯೇ ಗೊತ್ತುಪಡಿಸಿ ದಾಖಲೆ ಮಾಡುವಂತೆ ಮಾಲೀಕನನ್ನು ಸರಕಾರವು ಬಾಧ್ಯನನ್ನಾಗಿ ಮಾಡಬಹುದು. ಆ ಹೊತ್ತನ್ನು ಮೀರಿ ಚಾಲಕನು ದುಡಿಯಬಾರದು. ಬೇರೆ ಯಾರೂ ಅವನನ್ನು ದುಡಿಸಲೂಬಾರದು. ಹೊಣೆಯು ದುಡಿಯುವವನೊಬ್ಬನದೇ ಅಲ್ಲವೆಂಬುದು ಇದರ ಸಾರ.

ಒಂದು ರಾತ್ರಿಯ ಲೆಕ್ಕ

ಬ್ಯಾಡಗಿಯಿಂದ ಪುಣೆಗೆ ಹಾವೇರಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ಮಾರ್ಗವಾಗಿ ಸುಮಾರು 500 ಕಿ.ಮೀ. ತುಂಬಿದ ಲಾರಿಯ ಸರಾಸರಿ ವೇಗ ಗಂಟೆಗೆ 40 ಕಿ.ಮೀ. ಎಂದು ಹಿಡಿದರೆ ಹನ್ನೆರಡೂವರೆ ಗಂಟೆ. ಊಟ, ಚಹಾ, ಟೋಲ್ ಸೇರಿ ಹದಿನಾಲ್ಕು. ಚಾಲಕನು ಬೆಳಿಗ್ಗೆ ಏಳಕ್ಕೆ ಎದ್ದು, ಹಗಲೆಲ್ಲ ಮೂಟೆ ಹೇರುವುದನ್ನು ಕಾದು, ಸಂಜೆ ಐದಕ್ಕೆ ಹೊರಟನೆಂದು ಭಾವಿಸೋಣ. ಅವನು ಪುಣೆಯನ್ನು ಮುಟ್ಟುವುದು ಮರುದಿನ ಬೆಳಿಗ್ಗೆ ಏಳಕ್ಕೆ. ಅಷ್ಟರಲ್ಲಿ ಅವನು ಎಚ್ಚರವಾಗಿ ಇಪ್ಪತ್ತನಾಲ್ಕು ಗಂಟೆಗಳಾಗಿರುತ್ತವೆ. ಖಂಬಾಟಕಿ ಘಾಟು ಅವನಿಗೆ ಎದುರಾಗುವುದು ಸುಮಾರು ಐದು ಗಂಟೆಗೆ, ದೇಹವು ನಿದ್ರೆಯನ್ನು ಅತಿಯಾಗಿ ಬೇಡುವ ಹೊತ್ತಿನಲ್ಲಿ. ಅದಾದ ಮೇಲೆ ಕಾತ್ರಜ್‌ನ ಹೊಸ ಸುರಂಗ, ಅಲ್ಲಿಂದ ನವಲೆ ಸೇತುವೆಯ ಇಳಿಜಾರು.

2022ರ ನವೆಂಬರ್ 20ರಂದು ಆ ಇಳಿಜಾರಿನಲ್ಲಿ ಒಂದು ಭಾರಿ ವಾಹನವು ಹತ್ತಾರು ವಾಹನಗಳಿಗೆ ಅಪ್ಪಳಿಸಿದುದನ್ನು ಪುಣೆಯವರು ಮರೆತಿಲ್ಲ. ಅಲ್ಲಿಯ ಅಪಘಾತಗಳಿಗೆ ರಸ್ತೆಯ ಇಳುಕಲು, ವೇಗ, ಬ್ರೇಕು ಮೊದಲಾದ ಕಾರಣಗಳುಂಟು. ಎಲ್ಲವನ್ನೂ ನಿದ್ರೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಇಂತಹ ರಸ್ತೆಯು ಪೂರ್ಣ ಎಚ್ಚರವಿರುವ ಚಾಲಕನನ್ನು ಬೇಡುತ್ತದೆಂಬುದು ನಿಶ್ಚಯ.

ದೇಹದ ಸಾಲ

ಸತತವಾಗಿ ಸುಮಾರು 17 ಗಂಟೆ ಎಚ್ಚರವಿದ್ದವನ ಚುರುಕುತನವು 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರವಿದ್ದವನ ಮಟ್ಟಕ್ಕೆ ಇಳಿಯುತ್ತದೆಂದು 1990ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಪ್ರಯೋಗಗಳು ತೋರಿಸಿದವು. ನಮ್ಮ ಕಾಯಿದೆಯ ಮಿತಿ 30 ಮಿ.ಗ್ರಾಂ. ಅಂದರೆ ಒಂದು ತೊಟ್ಟು ಮದ್ಯ ಮುಟ್ಟದ ಸಜ್ಜನ ಚಾಲಕನೂ ನಿದ್ರೆಗೆಟ್ಟಾಗ ಕುಡಿದವನಷ್ಟೇ ಅಪಾಯಕಾರಿ. ದಣಿದ ಮಿದುಳು ಕಣ್ಣು ತೆರೆದಿರುವಾಗಲೇ ಕೆಲವು ಸೆಕೆಂಡು ಮಲಗಿಬಿಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಎಂದರೆ ಸುಮಾರು 67 ಮೀಟರು. ಅಷ್ಟು ದೂರ ಆ ಲಾರಿಯನ್ನು ನಡೆಸುವವರೇ ಇಲ್ಲ.

ಚಹಾ, ತಂಬಾಕು, ಜೋರಾದ ಹಾಡು ಇವು ನಿದ್ರೆಯನ್ನು ತುಸು ಮುಂದೂಡಬಲ್ಲವೇ ಹೊರತು ತೀರಿಸಲಾರವು. ನಿದ್ರೆಯ ಸಾಲಕ್ಕೆ ನಿದ್ರೆಯೊಂದೇ ಮರುಪಾವತಿ. ವರ್ಷಗಟ್ಟಲೆ ಉಳಿಸಿಕೊಂಡ ಬಾಕಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಎಂಬ ಬಡ್ಡಿಯೂ ಸೇರುತ್ತದೆ. ಬೊಜ್ಜಿನೊಡನೆ ಜೋರಾದ ಗೊರಕೆಯಿದ್ದು, ನಡುನಡುವೆ ಉಸಿರು ಕಟ್ಟುವಂತಿದ್ದರೆ ಎಂಟು ಗಂಟೆ ಮಲಗಿದವನೂ ಹಗಲು ತೂಕಡಿಸುತ್ತಾನೆ. ಇದು ಚಿಕಿತ್ಸೆಯುಳ್ಳ ರೋಗ. ವೈದ್ಯರಿಗೆ ತಿಳಿಸಲು ಸಂಕೋಚಪಡಬಾರದು.

ಸುಳ್ಳು ಲೆಕ್ಕ ಹುಟ್ಟುವ ಬಗೆ

ಎರಡು ಬಗೆಯ ದಿನವಹಿಗಳುಂಟು: ಆಗಿಂದಾಗ ಬರೆದುದು ಒಂದು, ಊರು ಸೇರಿದ ಮೇಲೆ ಕಾಯಿದೆಗೆ ಹೊಂದುವಂತೆ ಒಮ್ಮೆಗೇ ತುಂಬಿದುದು ಇನ್ನೊಂದು. ಎರಡನೆಯದರಲ್ಲಿ ಎಲ್ಲ ವಿಶ್ರಾಂತಿಯೂ ಸರಿಯಾಗಿ ಅರ್ಧ ಗಂಟೆಯದು, ಎಲ್ಲ ದಿನವೂ ಎಂಟು ಗಂಟೆಯದು. ಅಮೆರಿಕದಲ್ಲಿಯೂ ಹೀಗೆಯೇ ಇತ್ತು. ಅಲ್ಲಿ 10 ಗಂಟೆ ವಿಶ್ರಮಿಸಿದ ಚಾಲಕನು ಮುಂದಿನ 14 ಗಂಟೆಗಳೊಳಗೆ 11 ಗಂಟೆ ಮಾತ್ರ ಗಾಡಿ ನಡೆಸಬಹುದು. ಕಾಗದದ ಲಾಗ್ ಪುಸ್ತಕವನ್ನು ಅಲ್ಲಿಯ ಚಾಲಕರೇ ಕಾಮಿಕ್ ಪುಸ್ತಕವೆಂದು ಹಾಸ್ಯ ಮಾಡುತ್ತಿದ್ದರು. ಕೊನೆಗೆ 2017ರ ಡಿಸೆಂಬರಿನಿಂದ ಎಂಜಿನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಯಂತ್ರವನ್ನು ಕಡ್ಡಾಯ ಮಾಡಲಾಯಿತು. ಯುರೋಪಿನಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರವು ಬಹಳ ಹಿಂದೆಯೇ ಬಂದಿತು. ನಾಲ್ಕೂವರೆ ಗಂಟೆ ನಡೆಸಿದವನು 45 ನಿಮಿಷ ನಿಲ್ಲಲೇಬೇಕು. ನಮ್ಮಲ್ಲಿಯೂ ಫಾಸ್ಟ್ಯಾಗ್ ಬಂದ ಮೇಲೆ ಪ್ರತಿಯೊಂದು ಟೋಲ್ ನಾಕೆಯೂ ಲಾರಿ ದಾಟಿದ ಹೊತ್ತನ್ನು ಬರೆದಿಡುತ್ತದೆ. ಸುಳ್ಳು ದಿನವಹಿಯನ್ನು ಆ ಹೊತ್ತುಗಳೊಡನೆ ತಾಳೆ ನೋಡುವುದು ಈಗ ಕಷ್ಟವಲ್ಲ.

ಆದರೆ ಚಾಲಕನು ಸುಳ್ಳನ್ನು ಸುಮ್ಮನೆ ಬರೆಯುವುದಿಲ್ಲ. ನಿಜ ಬರೆದರೆ ಮುಂದಿನ ಬಾಡಿಗೆ ತಪ್ಪುತ್ತದೆ; ತಡವಾದರೆ ಬಾಡಿಗೆಯಲ್ಲಿ ಕಡಿತ. ಮಾಲೀಕನಿಗೆ ಲಾರಿಯ ಸಾಲದ ಮಾಸಿಕ ಕಂತು; ವ್ಯಾಪಾರಿಗೆ ಬೆಳಗಿನ ಗಿರಾಕಿ. ಹೀಗೆ ಒತ್ತಡವು ಕೈಯಿಂದ ಕೈಗೆ ದಾಟಿ ಕೊನೆಗೆ ಸ್ಟಿಯರಿಂಗ್ ಹಿಡಿದವನ ಕಣ್ಣಿನ ಮೇಲೆ ಕೂರುತ್ತದೆ. ಇಲ್ಲೊಂದು ವಿಚಿತ್ರವಿದೆ. ಸರಕಿನೊಡನೆ ಬರುವ ಇ-ವೇ ಬಿಲ್ಲಿಗೆ 2021ರ ಜನವರಿಯಿಂದ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿಯಿದೆ. ಐನೂರು ಕಿ.ಮೀ. ಸಾಗಲು ಮೆಣಸಿನಕಾಯಿಗೆ ಕಾನೂನು ಮೂರು ದಿನ ಕೊಡುತ್ತದೆ. ಅದನ್ನು ತರುವ ಮನುಷ್ಯನಿಗೆ ವ್ಯಾಪಾರವು ಒಂದೇ ರಾತ್ರಿಯನ್ನು ಕೊಡುತ್ತದೆ!

ಮಾಡಬಹುದಾದುದು

ನಗರದ ಒಳಭಾಗದಲ್ಲಿ ಹಗಲಿನ ಗೊತ್ತಾದ ಹೊತ್ತಿನಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಇಳಿದ ಮೂಟೆಗಳು ಟೆಂಪೋ ಏರಿ ಪೇಠಗಳಿಗೆ ಬರುತ್ತವೆ. ಆದುದರಿಂದ ಲಾರಿಯು ನಸುಕಿಗೇ ಬರಬೇಕೆಂಬ ಹಟವನ್ನು ಬಿಟ್ಟು ಒಂದು ದಿನ ಮುಂಚೆ ಬೇಡಿಕೆ ಕಳಿಸುವುದು ವ್ಯಾಪಾರಿಗಳಿಗೆ ಅಸಾಧ್ಯವಲ್ಲ. ಲಾರಿಯುಳ್ಳವರು ದೂರದ ಮಾರ್ಗಕ್ಕೆ ಇಬ್ಬರು ಚಾಲಕರನ್ನು ಕಳಿಸಬೇಕು, ಇಲ್ಲವೇ ಕೊಲ್ಹಾಪುರದ ಆಸುಪಾಸಿನಲ್ಲಿ ಮಲಗಲು ಹೊತ್ತು ಕೊಡಬೇಕು. ಮೂಟೆ ಹೇರಲು ಕಾದ ಗಂಟೆಗಳನ್ನೂ ದಿನವಹಿಯಲ್ಲಿ ಬರೆಯಿಸಬೇಕು. ನಿಜ ಬರೆದವನಿಗೆ ದಂಡ ವಿಧಿಸಬಾರದು. ಚಾಲಕನಿಗೂ ಇದರಿಂದ ಲಾಭವುಂಟು: ಹೆಚ್ಚುವರಿ ದುಡಿಮೆಯ ಕೂಲಿ ಕೇಳುವಾಗಲೂ ಅಪಘಾತದ ವಿಚಾರಣೆಯಲ್ಲಿಯೂ ಪ್ರಾಮಾಣಿಕ ದಿನವಹಿಯೇ ಅವನ ಪರವಾದ ಸಾಕ್ಷಿ.

ಇನ್ನು ಪುಣೆಯ ಕನ್ನಡಿಗರಲ್ಲಿ ಲಾರಿಯಿಲ್ಲದವರೂ ದೀಪಾವಳಿಗೆ, ಮದುವೆ ಮುಂಜಿಗಳಿಗೆ ಸ್ವಂತ ಕಾರಿನಲ್ಲಿ ಇದೇ ಹೆದ್ದಾರಿಯಲ್ಲಿ ಊರಿಗೆ ಹೋಗುವವರೇ. ಕಚೇರಿ ಮುಗಿಸಿ ರಾತ್ರಿ ಹೊರಟು 840 ಕಿ.ಮೀ. ದೂರದ ಬೆಂಗಳೂರನ್ನು ಬೆಳಗಾಗುವುದರೊಳಗೆ ಮುಟ್ಟಿದೆವೆಂಬ ಹೆಮ್ಮೆ ಅನೇಕರಲ್ಲಿದೆ. ಅವರಿಗೂ ಇವೇ ನಿಯಮಗಳು ಹಿತಕರ:

1. ಹೊರಡುವ ಹಿಂದಿನ ರಾತ್ರಿ ಏಳೆಂಟು ಗಂಟೆ ಮಲಗಬೇಕು.
2. ನಾಲ್ಕು ಗಂಟೆಗಿಂತ ಹೆಚ್ಚು ಎಡೆಬಿಡದೆ ನಡೆಸಬಾರದು.
3. ರಾತ್ರಿ ಎರಡರಿಂದ ಆರರವರೆಗೆ ರಸ್ತೆಯ ಮೇಲೆ ಇರದಂತೆ ಹೊರಡುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು.
4. ಆಕಳಿಕೆ, ಕಣ್ಣುರಿ, ದಾಟಿದ ಊರು ನೆನಪಾಗದಿರುವುದು ಇವು ಮುನ್ಸೂಚನೆಗಳು. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು.
5. ಹೊರಟ ಹೊತ್ತು, ನಿಂತ ಹೊತ್ತುಗಳನ್ನು ಪಕ್ಕದಲ್ಲಿ ಕುಳಿತವರು ಒಂದು ಚೀಟಿಯಲ್ಲಿ ಬರೆಯಲಿ.

ಮಧ್ಯಾಹ್ನದ ನಿದ್ರೆಗಾಗಿ ಅಂಗಡಿಯ ಬಾಗಿಲನ್ನೇ ಮುಚ್ಚುವ ಸದಾಶಿವ ಪೇಠದವರಿಗೆ ನಿದ್ರೆಯ ಬೆಲೆಯನ್ನು ಬೇರೆಯವರು ತಿಳಿಸಬೇಕಾಗಿಲ್ಲ. ತಮ್ಮ ಸರಕು ತರುವವನಿಗೂ ಆ ಬೆಲೆಯನ್ನು ಸಲ್ಲಿಸಿ, ಲಾರಿ ಇಂದು ಬಾರದಿದ್ದರೆ ನಾಳೆ ಬರಲಿ ಎಂದು ಅವರು ಹೇಳಿದ ದಿನ ಚಾಲಕನ ದಿನವಹಿಯಲ್ಲಿ ಸುಳ್ಳು ಬರೆಯುವ ಅಗತ್ಯ ಬಹುಮಟ್ಟಿಗೆ ಇಲ್ಲವಾಗುವುದು.