ಚಿಲ್ಲರ್ ಕರೆಂಟು ಜಾಸ್ತಿ ಎಳೀತಿದೆಯಾ?

ಮಿಜಾರಿನ ಆಳ್ವಾಸ್ ಇಂಜಿನಿಯರಿಂಗ್ ಕಾಲೇಜಿನವರೇ, ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ದೀರಾ? ತಗೊಳ್ಳಿ.

ದೊಡ್ಡ ಕಟ್ಟಡದ ಎಸಿಗೆ ನೀರು ತಂಪು ಮಾಡೋ ಯಂತ್ರವೇ ಚಿಲ್ಲರ್. ಅದನ್ನ ಅಳೆಯೋದು ಒಂದು ಟನ್ ತಂಪಿಗೆ ಎಷ್ಟು ಕಿಲೋವ್ಯಾಟ್ ಕರೆಂಟು ಅಂತ. ಒಂದು ಟನ್ ಅಂದ್ರೆ ಸುಮಾರು 3.5 ಕಿಲೋವ್ಯಾಟ್ ಶಾಖ ಹೊರಹಾಕೋ ತಾಕತ್ತು. ಆದ್ರೆ ನಮ್ಮ ಕರಾವಳಿ ಸೆಕೆಯಲ್ಲಿ ಗಾಳಿಯ ಪಸೆ ಹಿಂಡೋಕೂ ಕರೆಂಟು ಬೇಕು. ಡಿಸೆಂಬರಿಗೂ ಮೇಗೂ ಒಂದೇ ಲೆಕ್ಕ ನಡೆಯಲ್ಲ.

ಇಲ್ಲಿ ಬರುತ್ತೆ ಮಷಿನ್ ಲರ್ನಿಂಗ್. ವರ್ಷದ ಬಿಸಿಲು, ತೇವ, ಲೋಡ್ ಎಲ್ಲ ಕಲಿತು, ಇವತ್ತು ಇಷ್ಟು ಸಾಕು ಅಂತ ಅಂದಾಜು ಕೊಡುತ್ತೆ. ಮೀಟರ್ ದಿನಾ ಅದಕ್ಕಿಂತ ಮೇಲೇ ಓಡಿದ್ರೆ? ಕಂಡೆನ್ಸರ್ ಪೈಪಿನೊಳಗೆ ಸುಣ್ಣ ಕಟ್ಟಿರಬಹುದು, ಗ್ಯಾಸ್ ಸೋರಿರಬಹುದು.

2016ರಲ್ಲಿ ಗೂಗಲ್ ಡೇಟಾ ಸೆಂಟರಿನ ಕೂಲಿಂಗ್ ಖರ್ಚನ್ನ ಶೇ. 40ರವರೆಗೆ ಇಳಿಸಿದ್ದೂ ಇಂಥ ಕಲಿಕೆಯಿಂದಲೇ.

ಅವಸರ ಬೇಡ ಮಾರಾಯ್ರೆ. ಮೊದಲು ನೀರಿನ ಪೈಪಿನ ಸೆನ್ಸರನ್ನ ಥರ್ಮಾಮೀಟರ್ ಜೊತೆ ತಾಳೆ ನೋಡಿ. ಪೈಥಾನ್ ಆಮೇಲೆ.